ಬೆನ್ನಿಗೆ ಹತ್ತಿದ ಸಂಡೂರಿನ ಕೆಂಪು

ಕಂಪ್ಲಿಯ ಜಂಬುನಾಥ್ ಅಂಗಾತ ಮಲಗಿದ್ದನ್ನು ಅವನ ಹೆತ್ತ ತಾಯಿಯೂ ನೋಡಿರಲಿಲ್ಲ. ಹುಟ್ಟಿದ ದಿನವೇ ತೊಟ್ಟಿಲಲ್ಲಿ ಬೋರಲಾದ ಕೂಸು ಅದು. ಈಗ ಇಪ್ಪತ್ತೇಳು ವರ್ಷ, ತೊಂಬತ್ತು ಕೆಜಿ. ಅಕ್ಕಿ ಗಿರಣಿಯಲ್ಲಿ ಹೆಗಲಿಗೊಂದರಂತೆ ಮೂಟೆ ಹೊತ್ತು ಅವನು ನಡೆದರೆ ತುಂಗಭದ್ರೆಯ ಸೇತುವೆ ಅತ್ತ ಕಡೆ ಅರ್ಧ ಇಂಚು ಏಳುತ್ತಿತ್ತು. ನಂಬದವರು ಅಳತೆಪಟ್ಟಿ ತೆಗೆದುಕೊಂಡು ಹೋಗಬಹುದು.

ನಲವತ್ತೊಂಬತ್ತು ಕುಸ್ತಿ ಆಡಿದ್ದ. ಒಂದರಲ್ಲೂ ಬೆನ್ನು ಮಣ್ಣು ಮುಟ್ಟಿರಲಿಲ್ಲ. ಇನ್ನೊಂದು ಗೆದ್ದರೆ ಐವತ್ತು. ಐವತ್ತಾದರೆ ಗರಡಿಯ ಉಸ್ತಾದ್ ಓಬಳಪ್ಪ ಟ್ರಂಕಿನಲ್ಲಿಟ್ಟ ಬೆಳ್ಳಿಯ ಗದೆಯನ್ನು ಅವನ ಹೆಗಲಿಗೇರಿಸಬೇಕು. ನಲವತ್ತು ವರ್ಷದಿಂದ ಆ ಗದೆ ಬಿಸಿಲು ಕಂಡಿರಲಿಲ್ಲ. ಉಸ್ತಾದರ ನಿಯಮ ಅಷ್ಟು ಬಿಗಿ: ಪಂದ್ಯವಿರಲಿ ತಾಲೀಮಿರಲಿ, ಹೊರಗಿನವರ ಕೈಯಲ್ಲಿ ಒಮ್ಮೆ ಬೆನ್ನು ಬಿತ್ತೋ, ಲೆಕ್ಕ ಮತ್ತೆ ಒಂದರಿಂದ.

ಇಂಥ ಜಂಬುನಾಥನನ್ನು ಹೊಸಪೇಟೆಯ ಕಾಲೇಜೊಂದು ತನ್ನ ಕ್ರೀಡಾ ದಿನಕ್ಕೆ ಕರೆಯಿತು. ನಮ್ಮ ಮಣ್ಣಿನ ಕುಸ್ತಿಗೂ ಜಿಯು-ಜಿತ್ಸು ಎಂಬ ಹೊರಗಿನ ವಿದ್ಯೆಗೂ ಏನು ವ್ಯತ್ಯಾಸ, ಹುಡುಗರಿಗೆ ತೋರಿಸಿ ಎಂದರು. ಚಾಪೆಯ ಆ ಬದಿಗೆ ನಿಂತಿದ್ದವಳು ಅದೇ ಕಾಲೇಜಿನ ಪಿ.ಟಿ. ಟೀಚರ್ ಅರ್ಚಿತಾ. ಅರವತ್ತು ಕೆಜಿ, ಅದರಲ್ಲಿ ಎರಡು ಕೆಜಿ ಜಡೆ. ಅವಳ ತಾಯಿ ಕೃಷ್ಣಾಬಾಯಿ ಹಂಪಿಯಲ್ಲಿ ಪ್ರವಾಸಿಗರಿಗೆ ಮನೆಯೂಟ ಹಾಕುತ್ತಿದ್ದ ಕಾಲದಲ್ಲಿ, ಬಂಡೆ ಹತ್ತಲು ವರ್ಷವರ್ಷವೂ ಬರುತ್ತಿದ್ದ ಬ್ರೆಜಿಲಿನ ಹೆಂಗಸೊಬ್ಬಳು ಸಾರನ್ನ ಉಂಡ ಋಣಕ್ಕೆ ಈ ಹುಡುಗಿಗೆ ಆ ವಿದ್ಯೆ ಕಲಿಸಿದ್ದಳಂತೆ.

ಜಂಬುನಾಥ್ ಒಳ್ಳೆಯ ಮನುಷ್ಯ. ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವಷ್ಟು ಮೆತ್ತಗೆ ಅವಳನ್ನು ಎತ್ತಿ ಅಂಗಾತ ಇಳಿಸಿದ. ಎರಡೂ ಭುಜ ಚಾಪೆಗೆ ತಾಗಿದವು. ಕುಸ್ತಿಯಲ್ಲಿ ಅಲ್ಲಿಗೆ ಮುಗಿಯಿತು. ಅವನು ಮಂಡಿಯ ಮೇಲೆ ಕೂತಲ್ಲೇ ಬಲಗೈ ಎತ್ತಿ ಜನಕ್ಕೆ ವಂದಿಸಿದ.

ಆ ಕೈ ಅವನಿಗೆ ವಾಪಸ್ ಬರಲಿಲ್ಲ. ಕೆಳಗಿದ್ದವಳು ಅದನ್ನು ಹಿಡಿದೆಳೆದು, ಕಾಲುಗಳಿಂದ ಅವನ ಕೊರಳಿಗೆ ಕತ್ತರಿ ಹಾಕಿಬಿಟ್ಟಿದ್ದಳು. ಸೋಲೊಪ್ಪಲು ಚಾಪೆಯನ್ನು ಎರಡು ಸಲ ತಟ್ಟಿ ಎಂದು ಕಿವಿಯ ಹತ್ತಿರ ಬಹಳ ಮರ್ಯಾದೆಯಿಂದ ತಿಳಿಸಿದಳು. ಸೋಲನ್ನೇ ಕಾಣದವನಿಗೆ ಅದನ್ನು ಒಪ್ಪುವುದು ಹೇಗೆ ಗೊತ್ತಿರಬೇಕು? ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದಾಗ ಪ್ರಿನ್ಸಿಪಾಲರು ಹೆದರಿ ಸೀಟಿ ಊದಿದರು.

"ಮುಗಿದ ಮ್ಯಾಲೆ ಯಾಕ್ರಿ ಹಿಡಿದ್ರಿ?" ಅವನು ಕೊರಳು ಸವರಿಕೊಂಡು ಕೇಳಿದ.

"ಎಲ್ಲಿ ಮುಗಿದಿತ್ತು? ನಮ್ಮ ಆಟ ಆಗ ಸುರುವಾಗಿತ್ತು. ನಡುವ ನೀವು ಯಾರಿಗೆ ಟಾಟಾ ಮಾಡ್ತಿದ್ರಿ?"

ಹಾಗೆಂದು ಅವಳು ನಕ್ಕಳು. ತುಟಿಯ ಎಡಗಡೆ ಮಾತ್ರ ಮೇಲೇರುವ, ಬಲಗಡೆ ಗಂಭೀರವಾಗಿಯೇ ಉಳಿಯುವ ನಗು. ಆ ಅರ್ಧ ನಗುವಿನ ತೂಕ ಎಷ್ಟಿತ್ತೆಂದರೆ, ಮರುದಿನ ಜಂಬುನಾಥನಿಗೆ ಒಂದೇ ಮೂಟೆ ಎತ್ತಲಿಕ್ಕೂ ಎರಡು ಸಲ ಉಸಿರು ಎಳೆಯಬೇಕಾಯಿತು.

ಚಹಾ ಕುಡಿಯುತ್ತ ಅವಳು ತನ್ನ ಆಟದ ಲೆಕ್ಕ ವಿವರಿಸಿದ್ದಳು. ಎದುರಾಳಿಯನ್ನು ಕೆಡವಿದರೆ ಎರಡು ಅಂಕ, ಕೆಳಗಿದ್ದು ಮೇಲಿನವರನ್ನು ತಿರುಗಿಸಿ ಹಾಕಿದರೆ ಎರಡು, ಎದೆಯ ಮೇಲೆ ಕೂತರೆ ನಾಲ್ಕು. ಬೆನ್ನು ಬಿದ್ದರೆ ಸೋಲಲ್ಲ, ಅಲ್ಲಿಂದಲೂ ಆಡಬಹುದು. ಆರು ವಾರಕ್ಕೆ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯವಿದೆ, ತೂಕದ ಮಿತಿಯಿಲ್ಲದ ವಿಭಾಗದಲ್ಲಿ ಆಡಬೇಕೆಂದಿದ್ದೇನೆ, ಆದರೆ ಅಭ್ಯಾಸಕ್ಕೆ ಭಾರದ ಜೋಡಿಯೇ ಊರಲ್ಲಿಲ್ಲ ಎಂದಳು. ಕೇಳಿದ್ದು ಅಷ್ಟೇ. ಜಂಬುನಾಥ್ ಗ್ಲಾಸು ಕೆಳಗಿಡುವ ಮೊದಲೇ ಒಪ್ಪಿದ್ದ.

ಅವಳ ತರಗತಿ ನಡೆಯುತ್ತಿದ್ದದ್ದು ಹೊಸಪೇಟೆಯ ಚಿತ್ತವಾಡ್ಗಿಯ ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ. ಚಾಪೆಗಳಿಗೆ ಎಷ್ಟು ಒರೆಸಿದರೂ ಹೋಗದ ಸಾಂಬಾರಿನ ವಾಸನೆ. ಸಂಜೆ ಐದಕ್ಕೆ ಹತ್ತು ಹನ್ನೆರಡು ಹುಡುಗಿಯರು ಬರುವರು. ಗರಡಿಯಲ್ಲಿ ದಿನಕ್ಕೆ ಸಾವಿರ ಬಸ್ಕಿ ಹೊಡೆಯುವ ಜಂಬುನಾಥ್, ಅವರ ಜೊತೆ ಸಾಲಿನಲ್ಲಿ ಸೊಂಟ ಹಿಂದಕ್ಕೆ ನೂಕಿ ನೂಕಿ ಚಾಪೆಯ ಮೇಲೆ ತೆವಳುವುದನ್ನು ಕಲಿತ. ಮೊದಲ ದಿನ ಅಂಗಾತ ಮಲಗಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಭುಜ ಇಳಿಸಿದರೆ ಇನ್ನೊಂದು ತಾನಾಗಿ ಏಳುತ್ತಿತ್ತು. ಅರ್ಚಿತಾ ಬೆರಳ ತುದಿಯಿಂದ ಆ ಇನ್ನೊಂದು ಭುಜವನ್ನು ಒತ್ತಿದಳು. ಅದು ಇಳಿಯಿತು.

ಕೆಳಗಿನಿಂದ ಅವನು ನೋಡಿದ: ಮೇಲೆ ಫ್ಯಾನು, ಫ್ಯಾನಿಗೆ ಅಡ್ಡವಾಗಿ ಅವಳ ಮುಖ, ಹಣೆಯಿಂದ ಜಾರಲೋ ಬೇಡವೋ ಎಂದು ನಿಂತ ಒಂದು ಹನಿ ಬೆವರು. ಭೂಮಿ ಬಾಯಿ ಬಿಡಲಿಲ್ಲ, ತುಂಗಭದ್ರೆ ದಿಕ್ಕು ಬದಲಿಸಲಿಲ್ಲ. ಇಪ್ಪತ್ತೇಳು ವರ್ಷ ಎಂಥ ನೋಟ ತಪ್ಪಿಸಿಕೊಂಡೆನಪ್ಪಾ ಎಂದುಕೊಂಡ.

ಉಸ್ತಾದರಿಗೆ ಮಾತ್ರ ಹೇಳಲಿಲ್ಲ. ಚಾಪೆಯಲ್ಲಿ ಮಣ್ಣಿಲ್ಲ, ಮಣ್ಣಿಲ್ಲದ ಮೇಲೆ ಗುರುತಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಐದನೇ ವಾರಕ್ಕೆ ಮದುವೆಗಳು ಶುರುವಾದವು. ಊಟದ ಹಾಲ್‌ನಲ್ಲಿ ಬಾಳೆಲೆ ಹಾಸಿದರು, ಚಾಪೆಗಳು ಉಗ್ರಾಣಕ್ಕೆ ಹೋದವು. ಅರ್ಚಿತಾ ಶನಿವಾರ ಸಂಡೂರಿನ ಶಾಲೆಯೊಂದಕ್ಕೆ ಕಲಿಸಲು ಹೋಗುತ್ತಿದ್ದಳು. ಅಲ್ಲಿನ ಮೈದಾನದಲ್ಲೇ ಆಡೋಣ ಎಂದಳು. ಅಂದು ಅವಳು ಅವನನ್ನು ಒಂಬತ್ತು ಸಲ ಕೆಡವಿದಳು. ಅವನು ಅಂಗಿ ಕೊಡವಿ, ಸಿಳ್ಳೆ ಹಾಕುತ್ತ ಬಸ್ಸು ಹತ್ತಿ ನೇರ ಗರಡಿಗೆ ಬಂದು ಅಂಗಿ ಬಿಚ್ಚಿದ.

ಓಬಳಪ್ಪನವರಿಗೆ ಎಪ್ಪತ್ತೆರಡು ವರ್ಷ. ಐವತ್ತು ವರ್ಷದಿಂದ ಅವರು ಓದಿದ್ದು ಪೈಲ್ವಾನರ ಬೆನ್ನುಗಳನ್ನು ಮಾತ್ರ. ಅವನ ಎರಡೂ ಭುಜದ ಹಿಂದೆ ಅಂಗಿಯಿಂದ ಇಳಿದ ಅದಿರಿನ ಕೆಂಪು ಮಣ್ಣು, ಜೋಡಿ ಹೋಳಿಗೆಯ ಹಾಗೆ ಅಂಟಿತ್ತು. ಉಸ್ತಾದರು ಉಗುರಿನಿಂದ ಚೂರು ಕೆರೆದು ನೋಡಿದರು.

"ನಮ್ಮ ಮಣ್ಣಲ್ಲ. ಸಂಡೂರಿಂದು. ಯಾರಲೇ ಕೆಡವಿದ್ದು ನಿನ್ನ?"

ಐವತ್ತನೇ ಪಂದ್ಯ ಮುಂದಿನ ಶನಿವಾರವಿತ್ತು. ಜಂಬುನಾಥನ ಕಣ್ಣ ಮುಂದೆ ಗದೆ ಹೊಳೆಯಿತು. ಸಂಡೂರಿಗೆ ಅಕ್ಕಿ ಲೋಡ್ ಇಳಿಸಲು ಹೋಗಿದ್ದೆ, ಲಾರಿಯಿಂದ ಜಾರಿ ಬಿದ್ದೆ ಎಂದ. ಹೊಸಪೇಟೆಯ ಟೀಚರ್ ಹತ್ತಿರ ಏನೋ ಕಲಿಯುತ್ತಿದ್ದೀಯೆಂದು ಗಾಳಿ ಮಾತಿದೆಯಲ್ಲ ಎಂದು ಉಸ್ತಾದರು ಕೆಣಕಿದಾಗ, ನಾನು ಹೆಂಗಸರ ಕೈಯಲ್ಲಿ ಬೀಳುವವನೇ ಎಂದು ನಗುವನ್ನೂ ಸೇರಿಸಿದ. ಗರಡಿಯೇ ನಕ್ಕಿತು.

ಸುಳ್ಳು ಹೇಳಿದ್ದು ಒಂದು ತಪ್ಪು. ಅದನ್ನು ದೊಡ್ಡ ಜಾಣತನವೆಂದು ಮರುದಿನ ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕೂತು ಅರ್ಚಿತಾಳಿಗೇ ವರದಿ ಒಪ್ಪಿಸಿದ್ದು, ಮೂರು ಲೋಕದಲ್ಲಿ ಬೇರೆ ಯಾವ ಪ್ರೇಮಿಯೂ ಮಾಡದ ತಪ್ಪು. ಅವಳು ನಗುತ್ತಾಳೆಂದು ಕಾದ. ಅವಳ ತುಟಿಯ ಎಡಗಡೆ ಏಳಲಿಲ್ಲ.

"ಲಾರಿಯಿಂದ ಬಿದ್ದೆ ಅನ್ನಾಕ ನಾಚಿಕಿ ಬರ್ಲಿಲ್ಲ," ಅಂದಳು ಮೆಲ್ಲಗೆ. "ನನ್ನ ಕೈಯಾಗ ಬಿದ್ದೆ ಅನ್ನಾಕ ಬಂತು. ಹೌದಲ್ರಿ?"

ಅವನು ಗದೆಯ ವಿಷಯ ಹೇಳಿದ, ಉಸ್ತಾದರ ನಿಯಮ ಹೇಳಿದ, ನಲವತ್ತು ವರ್ಷ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ತನಗೆ ಆ ವಿದ್ಯೆ ಕಲಿಯಲು ಹನ್ನೆರಡು ವರ್ಷ ಹಿಡಿದಿದೆ, ಹೇಳಿಕೊಳ್ಳಲು ಗದೆ ಇಲ್ಲ, ಅಷ್ಟೇ ಎಂದಳು. ನಾಳೆಯಿಂದ ಅಭ್ಯಾಸಕ್ಕೆ ಬರುವುದು ಬೇಡವೆಂದೂ ಹೇಳಿ ಎದ್ದು ಹೋದಳು. ವಿರೂಪಾಕ್ಷನ ಗೋಪುರದ ಮಂಗಗಳು ಕೂಡ ಅವತ್ತು ಅವನ ಕೈಯಲ್ಲಿದ್ದ ಬಾಳೆಹಣ್ಣನ್ನು ಕರುಣೆಯಿಂದ ಕಸಿಯದೆ ಬಿಟ್ಟವು.

ಆ ವಾರ ಜಂಬುನಾಥ್ ಊಟ ಬಿಟ್ಟ. ಅಂದರೆ ಹದಿನಾರು ರೊಟ್ಟಿಯಿಂದ ಒಂಬತ್ತಕ್ಕೆ ಇಳಿದ. ಹಾಸಿಗೆಯಲ್ಲಿ ಬೋರಲಾದರೆ ಉಸಿರು ಕಟ್ಟುವುದು, ಅಂಗಾತವಾದರೆ ಜಂತೆಯಲ್ಲಿ ಅವಳು ಕಾಣುವಳು.

ಶನಿವಾರ ಸಂಜೆ ಕಂಪ್ಲಿಯ ಅಖಾಡದ ಸುತ್ತ ಹತ್ತು ಲಕ್ಷ ಜನ. ಕಡಿಮೆ ಮಾಡಿ ಎಂದರೆ ಎರಡು ಸಾವಿರ ಎನ್ನೋಣ. ಬೆನ್ನಿಗೆ ಮಣ್ಣು ಮುಟ್ಟದ ಹುಲಿ ಎಂದು ಮೈಕಿನಲ್ಲಿ ಅವನನ್ನು ಕರೆದರು. ಉಸ್ತಾದರ ತೊಡೆಯ ಮೇಲೆ ಕೆಂಪು ವಸ್ತ್ರ ಸುತ್ತಿದ ಗದೆ ಇತ್ತು. ಜಂಬುನಾಥ್ ಅಖಾಡಕ್ಕೆ ಇಳಿಯುವ ಬದಲು ಮೈಕಿನ ಕಡೆ ನಡೆದ. ಕೂಗುತ್ತಿದ್ದವನ ಕೈಯಿಂದ ಅದನ್ನು ತೆಗೆದುಕೊಂಡ.

"ಉಸ್ತಾದ್ರೇ, ನಾ ಲಾರಿಯಿಂದ ಬಿದ್ದಿಲ್ರಿ. ಹೊಸಪೇಟಿ ಅರ್ಚಿತಾ ಟೀಚರ್ ಕೆಡವ್ಯಾರ. ಒಂದ್ಸಲ ಅಲ್ಲ, ಇನ್ನೂರ ಹದಿನೇಳು ಸಲ. ನನಗಿಂತ ಭಾಳ ಚಲೋ ಆಡ್ತಾರ. ಗದಿ ಟ್ರಂಕಿನಾಗ ಇಟ್ಟುಬಿಡ್ರಿ."

ಕೆಲವರು ನಕ್ಕರು, ಕೆಲವರು ಕೂಗಿದರು. ಓಬಳಪ್ಪ ಎದ್ದು ಅವನ ಹತ್ತಿರ ಬಂದರು. ಹೊಡೆಯುತ್ತಾರೆಂದೇ ಜನ ಅಂದುಕೊಂಡರು. ಅವರು ಗದೆಯನ್ನು ಕಂಕುಳಿಗೆ ಸೇರಿಸಿಕೊಂಡು ಕೇಳಿದರು:

"ಹೆಂಗ ಕೆಡವ್ತಾಳ?"

"ಕೆಳಗ ಮಲಗಿ, ಉಸ್ತಾದ್ರೇ."

"ಕೆಳಗ ಮಲಗಿ," ಮುದುಕರು ಮತ್ತೆ ಹೇಳಿಕೊಂಡರು. ಕೈಗಳು ಗಾಳಿಯಲ್ಲಿ ಯಾವುದೋ ಪಟ್ಟನ್ನು ಹಾಕಿ ನೋಡಿದವು, ಅರ್ಥವಾಗದೆ ಇಳಿದವು. ಸುಳ್ಳು ಹೇಳಿದ್ದಕ್ಕೆ ಒಂದು ತಿಂಗಳು ಗರಡಿಯ ಮಣ್ಣು ಒಬ್ಬನೇ ಅಗೆಯಬೇಕು ಎಂದರು. ಇವತ್ತಿನದು ನಿನ್ನ ಮೊದಲನೇ ಕುಸ್ತಿ, ಹೋಗಿ ಆಡು ಎಂದರು. ಅವನು ಆಡಿ ಗೆದ್ದ. ಗದೆ ಟ್ರಂಕಿಗೆ ಹೋಯಿತು.

ಮೊಬೈಲು ಹಿಡಿದವರು ಇದನ್ನೆಲ್ಲ ಊರೂರಿಗೆ ಹಂಚಿದ್ದರು. ಭಾನುವಾರ ಬೆಂಗಳೂರಿನಲ್ಲಿ ಅರ್ಚಿತಾ ಫೈನಲ್ ಆಡಿದಳು. ಸೋಮವಾರ ಬೆಳಿಗ್ಗೆ ಅವಳ ಬಸ್ಸು ಹೊಸಪೇಟೆ ನಿಲ್ದಾಣಕ್ಕೆ ಬಂದಾಗ, ಕಂಬದ ಪಕ್ಕ ಇನ್ನೊಂದು ಕಂಬದಂತೆ ಜಂಬುನಾಥ್ ನಿಂತಿದ್ದ. ಅವಳು ಬ್ಯಾಗು ಇಳಿಸಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸೋತೆ," ಅಂದಳು. "ಬೆಳ್ಳಿ ಬಂತು. ಎರಡೇ ಅಂಕ ಕಡಿಮಿ ಬಿತ್ತು. ಎದುರಿನಾಕಿ ಮ್ಯಾಲೆ ಕುಂತು ಭಾರ ಬಿಟ್ಟಾಗ ತಿರುಗಿಸಾಕ ಆಗ್ಲಿಲ್ಲ. ನಿಮ್ಮನ್ನ ಮಾತ್ರ ಹೂವಿನಂಗ ತಿರುಗಿಸ್ತಿದ್ದೆ."

ಜಂಬುನಾಥ್ ಬ್ಯಾಗಿಗೆ ಕೈ ಚಾಚಿದ; ಅವಳು ಅದನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು.

"ವಿಡಿಯೋ ನೋಡೀನಿ," ಅವಳು ಬಿಡಲಿಲ್ಲ. "ಇನ್ನೂರ ಹದಿನೇಳರಾಗ ನಾ ಕೆಡವಿದ್ದೆಷ್ಟು, ನೀವಾ ಬಿದ್ದದ್ದೆಷ್ಟು? ಖರೇ ಹೇಳ್ರಿ."

ಕಂಡಕ್ಟರ್ ಕೂಗುತ್ತಿದ್ದ, ಹೂವಿನವಳು ಮೊಳ ಹಾಕುತ್ತಿದ್ದಳು. ಎರಡು ಸಾವಿರ ಜನರ ಮುಂದೆ ಬಂದ ಮಾತು ಒಬ್ಬಳ ಮುಂದೆ ಬರಲೊಲ್ಲದು. ಕೊನೆಗೆ ಬಂತು.

"ಮೊದಲ ನೂರು ನೀವು ಕೆಡವಿದ್ದು. ಉಳಿದದ್ದು... ನಿಂತಾಗ ನೀವು ದೂರ ಇರ್ತಿದ್ರಿ. ಬಿದ್ದಾಗ ನಿಮ್ಮ ಮುಖ ಹತ್ರ ಕಾಣ್ತಿತ್ತು. ಅದಕ್ಕ ಬೀಳ್ತಿದ್ದೆ. ತಪ್ಪಾತ್ರಿ."

ಅವಳ ತುಟಿಯ ಎಡಗಡೆ ಎದ್ದಿತು. ಇಷ್ಟು ದಿನ ಗಂಭೀರವಾಗಿದ್ದ ಬಲಗಡೆಯೂ ನಿಧಾನವಾಗಿ ಅದರ ಹಿಂದೆ ಹೋಯಿತು. ಬ್ಯಾಗನ್ನು ಎತ್ತಿ ಅವನ ಹೆಗಲಿಗೆ ಹಾಕಿದಳು.

"ನಿನ್ನ ಪ್ರೀತಿಗೆ ನನ್ನ ಬಂಗಾರ ಹೋತು," ಅಂದಳು. "ಇನ್ನ ಮ್ಯಾಲೆ ಸುಮ್ಮಸುಮ್ಮನೆ ಬೀಳಬ್ಯಾಡ. ಮುಖ ನೋಡಬೇಕಂದ್ರ ನಿಂತೇ ನೋಡು. ಹತ್ರ ನಾ ಬರ್ತೀನಿ."

ಮತ್ತು ಬಂದಳು.