ಕೊನೆಯ ಅಕ್ಷತೆಯ ಫೋಟೋ

"ಕೊನೀ ಅಕ್ಷತಿ ಬಿದ್ದದ್ದರ ಒಂದೂ ಫೋಟೋ ಇಲ್ಲಲ್ಲ! ಕ್ಯಾಮೆರಾ ಹಿಡ್ಕೊಂಡು ನಿದ್ದಿ ಹೊಡೀತಿದ್ದೇನು?"

ನಿಲಂಗಾ ಊರಿನ ತನ್ನ ಮನೆಯಲ್ಲಿ, ಮದುವೆಯ ಫೋಟೋ ನೋಡುತ್ತಿದ್ದ ಮದುಮಗಳ ತಂದೆ ಕಾಶೆಪ್ಪ ಫೋಟೋಗ್ರಾಫರ್ ಜ್ಞಾನೇಶ್ವರನ ಮೇಲೆ ಹರಿಹಾಯ್ದ. ಪಕ್ಕದಲ್ಲಿ ಪ್ರಣಿತಾ ನಿಂತಿದ್ದಳು. ಜ್ಞಾನೇಶ್ವರ ಒಮ್ಮೆ, ಒಂದೇ ಒಮ್ಮೆ, ಅವಳತ್ತ ನೋಡಿದ.

"ತಪ್ಪು ನಂದೇ ಅದ ರೀ. ನನ್ನ ಕ್ಯಾಮೆರಾ ಕೈ ಕೊಡ್ತು."

ಸುಳ್ಳು! ಅಪ್ಪಟ ಸುಳ್ಳು!

ಪ್ರಣಿತಾ ಉದಗೀರದ ಪುರೋಹಿತ ಗುರುಸಿದ್ಧಯ್ಯನವರ ಮಗಳು. ಜ್ಞಾನೇಶ್ವರನ ಸ್ಟುಡಿಯೋದಲ್ಲಿ ಆರು ತಿಂಗಳು ಬಿಟ್ಟಿ ದುಡಿದು ಕೆಲಸ ಕಲಿತಿದ್ದಳು. ದುಡ್ಡು ಸಿಗುವ ಮೊದಲ ಮದುವೆ ಇದೇ. ಮದುಮಕ್ಕಳ ಎದುರಿಗೆ ಫೋಟೋ ತೆಗೆಯಲು ಅವಳು, ಹಿಂದೆ ವಿಡಿಯೋ ಹಿಡಿದು ಅವನು. ಮಂಗಳಾಷ್ಟಕ ಹೇಳುತ್ತಿದ್ದವರು ಅವಳ ಅಪ್ಪನೇ. ಹುಟ್ಟಿದಾಗಿನಿಂದ ಕೇಳಿದ ಆ ದನಿ ಕೊನೆಯ 'ಸಾವಧಾನ' ಎಂದದ್ದೇ ತಡ, ಅವಳು ಕ್ಯಾಮೆರಾ ಕೊರಳಿಗೆ ಬಿಟ್ಟು, ಯಾರೋ ಕೊಟ್ಟ ಅಕ್ಷತೆಯನ್ನು ಕಣ್ಣು ಮುಚ್ಚಿ ತೂರಿಬಿಟ್ಟಿದ್ದಳು. ಪುರೋಹಿತರ ಮನೆಯ ಅಭ್ಯಾಸ, ಬಿಡೆಂದರೆ ಬಿಟ್ಟೀತೇ?

ಆದರೆ ಈಗ ನಿಜ ಹೇಳಲು ಅವಳ ಬಾಯಿಗೆ ಏನಾಗಿತ್ತು? ಮದುಮಗಳ ಚಿಕ್ಕಮ್ಮ ಶಿವಕಾಂತಾ, ಶಿರೂರ ಅನಂತಪಾಳದಲ್ಲಿ ನಡೆಯುವ ತನ್ನ ಮಗಳ ಮದುವೆಯ ಫೋಟೋ ಕೆಲಸವನ್ನು ಆಗಷ್ಟೇ ಪ್ರಣಿತಾಳಿಗೆ ಒಪ್ಪಿಸಿದ್ದಳು. ನಿಜ ಹೇಳಿದರೆ ಅದು ಹೋದಂತೆಯೇ. ಅವಳು ತಲೆ ತಗ್ಗಿಸಿ ನಿಂತಳು, ಅಷ್ಟೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಜ್ಞಾನೇಶ್ವರ ಬೇರೆ ಸೀಟಿನಲ್ಲಿ ಕೂತ. 'ನನ್ನ ಮುಖ ನೋಡಲೂ ಅವರಿಗೆ ಅಸಹ್ಯ...' ಎಂದುಕೊಂಡ ಪ್ರಣಿತಾ ಸ್ಟುಡಿಯೋ ಕಡೆ ಹೋಗುವುದನ್ನೇ ಬಿಟ್ಟಳು. ಅಷ್ಟರಲ್ಲಿ ಕಾಶೆಪ್ಪ ಬೀಗರಿಗೆಲ್ಲ ಹೇಳಿ, ಜ್ಞಾನೇಶ್ವರನ ಎರಡು ಮದುವೆಗಳ ಕೆಲಸ ತಪ್ಪಿಸಿದ ಸುದ್ದಿ ಬಂತು. ಪ್ರಣಿತಾ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. 'ಅವರ ಅನ್ನ ಕಸಿದು ನಾನು ಉಣ್ಣುತ್ತಿದ್ದೇನೆ!'

ವಾಪಸ್ಸು ಬಂದ ಹನ್ನೊಂದನೆಯ ದಿನ ಒಬ್ಬಳೇ ಮತ್ತೆ ನಿಲಂಗಾಕ್ಕೆ ಹೋದಳು. ಕಾಶೆಪ್ಪ, ಶಿವಕಾಂತಾ ಇಬ್ಬರೆದುರೂ ನಡೆದದ್ದನ್ನೆಲ್ಲ ಹೇಳಿದಳು. ತಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಿವಕಾಂತಾ ಕಡ್ಡಿ ಮುರಿದಂತೆ ಹೇಳಿದಳು. ಪ್ರಣಿತಾ ಕೈ ಮುಗಿದು ಹೊರಟಳು. ಬಸ್ಸಿನುದ್ದಕ್ಕೂ ಅತ್ತಳು.

ಬಸ್ಸಿಳಿದವಳು ನೇರ ಸ್ಟುಡಿಯೋಗೆ ನಡೆದಳು.

"ಎಲ್ಲಾ ಹೇಳಿ ಬಂದೀನ್ರಿ. ಶಿರೂರದ ಕೆಲಸಾನೂ ಹೋಯ್ತು. ನೀವ್ಯಾಕ ನನ್ನ ತಪ್ಪು ಮೈಮ್ಯಾಲ ಹಾಕ್ಕೊಂಡ್ರಿ?"

ಜ್ಞಾನೇಶ್ವರ ಮದುವೆಯ ವಿಡಿಯೋ ಓಡುತ್ತಿದ್ದ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಮದುಮಕ್ಕಳ ಬೆನ್ನು ಮಾತ್ರ ಕಾಣುತ್ತಿತ್ತು. ನಡುವೆ ಅವಳು... ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಅಕ್ಷತೆ ತೂರುತ್ತಿದ್ದಳು.

"ಇಷ್ಟನ್ನ ಕತ್ತರಿಸಿ ಅವ್ರಿಗೆ ವಿಡಿಯೋ ಕೊಟ್ಟೆ. ಅಳಿಸ್ಲಿಕ್ಕಿ ಮಾತ್ರ ಮನಸ ಬರಲಿಲ್ಲ. ದಿನಾ ನೋಡ್ತೀನಿ."

"ಮತ್ತ ಬಸ್ಸಿನಾಗ ಯಾಕ ದೂರ ಕುಂತ್ರಿ?"

"ಯಾಕ ಸುಳ್ಳು ಹೇಳಿದ್ರಿ ಅಂತ ನೀವು ಕೇಳಿದ್ರ, ಖರೆ ಹೇಳಬೇಕಾಗ್ತಿತ್ತು. ಅಂಜಿದೆ."

ಅವಳ ಕಣ್ಣು ಮತ್ತೆ ತುಂಬಿ ಬಂತು. ಈ ಸಲ ಅವಳು ಒರೆಸಿಕೊಳ್ಳಲಿಲ್ಲ. ಮೆಲ್ಲಗೆ ಅವನ ಕೈ ಹಿಡಿದಳು.

"ಕುರಿ ಕಾಯೋರ ಮನಿ ಮಗ ನಾ," ಎಂದ ಅವನು. "ನಿಮ್ಮ ಅಪ್ಪಾರಿಗೆ ಯಾರು ಹೇಳ್ತಾರ?"

"ನಾನೇ ಹೇಳ್ತೀನಿ. ಒಮ್ಮೆ ಬಾಯಿ ಮುಚ್ಕೊಂಡು ನಿಂತಿದ್ದೇ ಸಾಕಾಗ್ಯಾದ."