ಎಡಕ್ಕೆ ತಿರುಗುವ ಗೇಟು

ನಾಲೆಯ ಜಾಲರಿಗೆ ಸಿಕ್ಕಿಕೊಂಡಿದ್ದ ಹೆಣವನ್ನು ಮೇಲಕ್ಕೆತ್ತಿದಾಗ ಬಿಸಿಲೇರಿತ್ತು. ಸತ್ತವರು ನಿವೃತ್ತ ಎಂಜಿನಿಯರು. ಬೆಳಿಗ್ಗೆ ಒಣ ನಾಲೆಗಿಳಿದು ಹಳೆಯ ಕಲ್ಲುಕಟ್ಟಡ ಅಳೆಯುತ್ತಿದ್ದಾಗ ಯಾರೋ ಗೇಟು ಎತ್ತಿದ್ದರು. ಪಾಪ, ಓಡಲೂ ದಾರಿಯಿರಲಿಲ್ಲ.

"ನಾನೇ ಎತ್ತಿದ್ದು ಮೇಡಂ," ಎಂದ ನೀರುಗಂಟಿ. ಗೇಟು ನೋಡಿಕೊಳ್ಳುವ ಮುದುಕ. "ನಿನ್ನೆ ನಮ್ಮಿಬ್ರಿಗೂ ಜಗಳ ಆಗಿತ್ತು. ಕರ್ಕೊಂಡ್ ಹೋಗಿ."

ಪೇದೆ ಕೋಳ ತೊಡಿಸಿದ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ಇನ್‌ಸ್ಪೆಕ್ಟರಮ್ಮನಿಗೆ ಮೈಯುರಿ. ಮುದುಕನ ಮಗಳು ಅಪ್ಪನ ತೋಳು ಬಿಡಲೊಲ್ಲಳು. ಪಕ್ಕದಲ್ಲಿ ಅವಳ ಗಂಡ, ಹೊಸ ನಾಲೆ ಕಟ್ಟುತ್ತಿರುವ ಪರದೇಶದ ಕಂಪನಿಯ ಎಂಜಿನಿಯರು.

"ನೀವು ಗೇಟಿನ ಕೋಣೆಗೆ ಹೋಗಿದ್ರಾ?" ಇನ್‌ಸ್ಪೆಕ್ಟರಮ್ಮ ಅವನನ್ನು ಕೇಳಿದಳು.

"ನಾನ್ಯಾಕೆ ಹೋಗ್ಲಿ? ನನ್ನ ಕೆಲಸವೆಲ್ಲ ಹೊಸ ಗೇಟುಗಳಲ್ಲಿ. ಆ ಹಳೇ ಚಕ್ರ ಒಂದ್ಸಲಾನೂ ಮುಟ್ಟಿಲ್ಲ."

* * *

ನೂರು ವರ್ಷದ ಹಿಂದೆ ಪರದೇಶದವರು ಹಡಗಿನಲ್ಲಿ ತಂದು ಕೂರಿಸಿದ ಗೇಟು. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಏಳುತ್ತದೆ. ಆಮೇಲೆ ಬಂದ ಗೇಟುಗಳೆಲ್ಲ ಬಲಕ್ಕೆ ಏಳುತ್ತವೆ.

ಎಲ್ಲರೂ ಕೋಣೆಗೆ ಬಂದು ನೋಡಿದರೆ ಗೇಟೆತ್ತುವ ಕಂಬಿ ಬಾಗಿತ್ತು. ಬಾಗಿದಲ್ಲಿ ಬಣ್ಣ ಆಗಷ್ಟೇ ಕಿತ್ತುಬಂದಿತ್ತು.

"ಕಂಬಿ ಹೇಗೆ ಬಾಗ್ತು ಯಜಮಾನ್ರೇ?"

"ಬಾಗಿದೆಯಾ?" ಮುದುಕ ಪೆಚ್ಚಾದ.

ಇನ್‌ಸ್ಪೆಕ್ಟರಮ್ಮ ಅಳಿಯನತ್ತ ತಿರುಗಿದಳು. "ನೀರು ಇನ್ನೂ ಹರೀತಿದೆ. ಗೇಟು ಸ್ವಲ್ಪ ಇಳಿಸಿ."

ಅವನು ಹಿಂದುಮುಂದು ನೋಡದೆ ಚಕ್ರವನ್ನು ಬಲಕ್ಕೆ ತಿರುಗಿಸಿದ. ಗೇಟು ಇಳಿಯಿತು.

"ಸಾಕು ಬಿಡಿ. ಮುಚ್ಚಿದ್ದ ಗೇಟನ್ನೇ ಯಾರೋ ಎತ್ತೋಕೆ ಹೋಗಿ ಬಲಕ್ಕೆ ಅದುಮಿದ್ದಾರೆ. ಅದಕ್ಕೇ ಕಂಬಿ ಬಾಗಿದೆ. ನಿಮ್ಮ ಮಾವ ಅಂಥ ತಪ್ಪು ಮಾಡಲ್ಲ. ಹೊಸ ಗೇಟಿನ ಅಭ್ಯಾಸ ಇರೋರು ಮಾಡ್ತಾರೆ. ಬೀಗ ಒಡೆದಿಲ್ಲ, ಕೀಲಿ ಇರೋದು ನೀವೂ ಮಾವನೂ ಒಟ್ಟಿಗಿರೋ ಮನೇಲಿ. ಮುಟ್ಟೇ ಇಲ್ಲದ ಚಕ್ರ ಯಾವ ಕಡೆ ಇಳಿಯುತ್ತೆ ಅಂತ ನಿಮಗೆ ಇವತ್ತು ಹೇಗೆ ಗೊತ್ತಾಯ್ತು?"

ಮಾತಾಡಿದ್ದು ಮುದುಕ.

"ಈ ಗೇಟಿನ ಕೆಳಗೆ ಹೂಳು ತಳ್ಳೋ ಕಲ್ಲುಕಾಲುವೆ ಇದೆ ಮೇಡಂ. ಪರದೇಶದವರು ಬರೋಕೂ ಮುಂಚೆ ನಮ್ಮೋರೇ ಕಟ್ಟಿದ್ದು. ನನ್ನ ಅಳಿಯ ಅದನ್ನೇ ನಕ್ಷೆ ಮಾಡಿ, ತಾನೇ ಕಂಡುಹಿಡಿದೆ ಅಂತ ಕಂಪನೀಲಿ ಕೆಲಸ ಹಿಡಿದ. ತೀರಿಹೋದ ದೊಡ್ಡೋರು ಈ ಸುಳ್ಳನ್ನ ಇವತ್ತು ಕಂಪನಿಗೆ ಹೇಳೋರಿದ್ರು. ಬೇಡಿ ಅಂತ ನಿನ್ನೆ ಕಾಲು ಹಿಡ್ಕೊಂಡೆ, ಕೇಳ್ಲಿಲ್ಲ. ಬೆಳಿಗ್ಗೆ ಇವನು ಕೋಣೆಯಿಂದ ಓಡೋದನ್ನ ನೋಡ್ದೆ. ಆದ್ರೂ ನನ್ನೇ ಕರ್ಕೊಂಡ್ ಹೋಗಿ ಮೇಡಂ. ನನ್ನ ಮಗಳ ಸಂಸಾರ ಉಳೀಲಿ."

ಮಗಳು ಅಪ್ಪನ ತೋಳು ಬಿಟ್ಟಳು.

"ನಿನ್ನನ್ನ ಜೈಲಿಗೆ ಕಳಿಸಿ ಇವರಿಗೆ ಅನ್ನ ಬಡಿಸ್ಕೊಂಡು ಇರ್ಲಾ ಅಪ್ಪಾ? ಅದೂ ಒಂದು ಸಂಸಾರಾನಾ?"

ಇನ್‌ಸ್ಪೆಕ್ಟರಮ್ಮ ಮುದುಕನ ಕೋಳ ಬಿಚ್ಚಿ ಅಳಿಯನಿಗೆ ತೊಡಿಸಿದಳು. ಬಿಡುಗಡೆಯಾದ ಎರಡೂ ಕೈಗಳಿಂದ ಮುದುಕ ಹಣೆ ಚಚ್ಚಿಕೊಂಡು ಅತ್ತ.