ಒಬ್ಬರೇ ಕೂರುವ ಗೋಪುರ

ಫಲಕದ ಮೇಲೆ ಯಾರೋ ಸೀಮೆಸುಣ್ಣದಲ್ಲಿ ದಪ್ಪಗೆ ‘ಸುಳ್ಳು’ ಎಂದು ಬರೆದಿದ್ದರು.

ಯುದ್ಧ ಮ್ಯೂಸಿಯಮ್ಮಿನ ಫಲಕಗಳನ್ನೆಲ್ಲ ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದವರು ಮೇಷ್ಟ್ರು. ಪಾಠ ಹೇಳುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ತಮ್ಮನ್ನೇ ತಿದ್ದುವ ಧೈರ್ಯ ಯಾರದೆಂದು ನೋಡಲು ಅವರು ಟ್ಯಾಂಕುಗಳ ರಿಪೇರಿ ನಡೆಯುವ ಹಿಂದಿನ ಶೆಡ್ಡಿಗೆ ಹೋದರು. ಹಳೆಯ ಟ್ಯಾಂಕೊಂದರ ಕೆಳಗಿನಿಂದ ಎರಡು ಬೂಟುಗಳು ಚಾಚಿಕೊಂಡಿದ್ದವು.

“ಅದನ್ನ ಬರೆದಿದ್ದು ನೀವಾ?”

“ಹೂಂ. ಹೊಸ ಮೆಕ್ಯಾನಿಕ್ಕು ನಾನು.” ಹೆಣ್ಣುದನಿ. “‘ತೆಳು ಕವಚದಿಂದ ಸೋತ ಟ್ಯಾಂಕು’ ಅಂತ ಬರೆದಿದೀರಲ್ಲ, ಈ ಕವಚಕ್ಕೆ ತೂತು ಕೊರೆಯೋಕೆ ಹೋಗಿ ನನ್ನ ಡ್ರಿಲ್ಲಿನ ಮೂರು ಮೊನೆ ಮುರಿದ್ವು.”

ಅವಳು ಹೊರಗೆ ಜಾರಿ ಬಂದಳು. ಹಣೆಗೆ ಗ್ರೀಸು ಮೆತ್ತಿತ್ತು. “ಸೋತಿದ್ದು ಯಾಕೆ ಅಂತ ಗೊತ್ತಾಗ್ಬೇಕಾ? ಹತ್ತಿ.”

ಮೇಷ್ಟ್ರು ಟ್ಯಾಂಕಿನ ಮೇಲೆ ಹತ್ತಿ, ಫಿರಂಗಿ ಕೂರಿಸಿದ ಗೋಪುರದೊಳಗೆ ಇಳಿದರು. ಒಬ್ಬರಿಗಷ್ಟೇ ಜಾಗ. ಅವಳು ಕೆಳಗೆ ಚಾಲಕನ ಸೀಟಿನಲ್ಲಿ ಕೂತು ಕೂಗತೊಡಗಿದಳು.

“ಬಲಕ್ಕೆ ಶತ್ರು! ಗುಂಡು ತುಂಬಿ! ಗುರಿ ಹಿಡೀರಿ! ನಾನು ಯಾವ ಕಡೆ ಓಡಿಸ್ಲಿ? ಪಕ್ಕದ ಟ್ಯಾಂಕಿಗೆ ಬಾವುಟ ತೋರ್ಸಿ!”

“ಇರೋದು ಎರಡೇ ಕೈ ಕಣ್ರೀ!” ಎನ್ನುತ್ತ ಮೇಷ್ಟ್ರು ತಿರುಗುವಾಗ ತಲೆಗೆ ಕಬ್ಬಿಣ ಠಣ್ಣೆಂದು ಬಡಿಯಿತು.

“ನೀವು ಸತ್ರಿ,” ಎಂದು ಅವಳು ನಕ್ಕಳು. “ಎದುರಾಳಿಗಳ ಕವಚ ತೆಳ್ಳಗಿತ್ತು. ಆದ್ರೆ ಗೋಪುರದಲ್ಲಿ ಮೂರು ಜನ. ಒಬ್ಬ ತುಂಬೋಕೆ, ಒಬ್ಬ ಹೊಡೆಯೋಕೆ, ಒಬ್ಬ ಸುತ್ತ ನೋಡೋಕೆ. ಅದರ ಜೊತೆಗೆ ರೇಡಿಯೋ ಬೇರೆ. ಇಲ್ಲಿ ಎಲ್ಲಾ ಒಬ್ಬನದೇ ತಲೆನೋವು.”

ಅವಳಪ್ಪ ಸೈನ್ಯದಲ್ಲಿ ಟ್ಯಾಂಕು ಓಡಿಸಿ ನಿವೃತ್ತನಾದವನಂತೆ. ಮನೆಯಲ್ಲಿ ಅನ್ನದ ಜೊತೆ ಟ್ಯಾಂಕಿನ ಮಾತೇ ಸಾರಂತೆ.

ಮೇಷ್ಟ್ರು ಫಲಕವನ್ನು ಮತ್ತೆ ಬರೆದರು. ಆಮೇಲೆ ಉಳಿದವನ್ನೂ ಒಂದೊಂದಾಗಿ ಶೆಡ್ಡಿಗೆ ತಂದರು. ಟ್ಯಾಂಕುಗಳನ್ನು ಕಾಲಾಳುಗಳ ನಡುವೆ ಚೂರುಚೂರಾಗಿ ಹಂಚಿದವರು ಹೇಗೆ ಕೆಟ್ಟರು, ಒಟ್ಟುಗೂಡಿಸಿ ನುಗ್ಗಿಸಿದವರು ಹೇಗೆ ಗೆದ್ದರು ಎಂದು ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಇಬ್ಬರೂ ವಾದಿಸಿದರು.

“ಉಪ್ಪಿಲ್ಲ, ಖಾರ ಇಲ್ಲ. ಯಾರು ಓದ್ತಾರೆ ಮೇಷ್ಟ್ರೇ?”

ತಪ್ಪು ಕಂಡಾಗ ಅವಳ ಎಡಹುಬ್ಬು ಮೆಲ್ಲಗೆ ಏರುತ್ತಿತ್ತು. ಅದನ್ನು ನೋಡಲೆಂದೇ ಮೇಷ್ಟ್ರು ಬೇಕುಬೇಕೆಂದು ಒಂದೊಂದು ತಪ್ಪು ಬಿಡತೊಡಗಿದರು. ಅದು ಅವಳಿಗೂ ಗೊತ್ತಿತ್ತು. ಹುಬ್ಬು ಇಳಿಸಲು ಅವಸರ ಮಾಡುತ್ತಿರಲಿಲ್ಲ.

ನಾಲ್ಕು ತಿಂಗಳು ಹೀಗೆ ಕಳೆದವು. ಅಷ್ಟರಲ್ಲಿ ಬೇರೆ ಊರಿನ ದೊಡ್ಡ ಮ್ಯೂಸಿಯಮ್ಮಿನಿಂದ ಕೆಲಸಕ್ಕೆ ಕರೆ ಬಂತು. ಮೇಷ್ಟ್ರು ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಕಳಿಸಿಬಿಟ್ಟರು. ಬದುಕಿನ ನಿರ್ಧಾರಗಳನ್ನೆಲ್ಲ ಅವರು ಒಬ್ಬರೇ ಮಾಡಿದ್ದು; ಇದೂ ಹಾಗೇ ಆಯಿತು.

ಸುದ್ದಿ ಗುಮಾಸ್ತನ ಬಾಯಿಂದ ಶೆಡ್ಡಿಗೆ ತಲುಪಿತು.

“ನನಗೊಂದು ಮಾತು ಹೇಳಬೇಕು ಅನ್ನಿಸ್ಲಿಲ್ವಾ?”

“ಹೇಳೋಕೆ ಏನಿದೆ? ನಾನೊಬ್ನೇ ತಾನೆ.”

“ಸರಿ ಬಿಡಿ,” ಎಂದು ಅವಳು ಟ್ಯಾಂಕಿನ ಕೆಳಗೆ ಸರಿದುಹೋದಳು. ಮೂರು ದಿನ ಡಬ್ಬಿ ಬಿಚ್ಚಲು ಬರಲಿಲ್ಲ. ಮೇಷ್ಟ್ರೂ ತಮ್ಮ ಡಬ್ಬಿಯನ್ನು ಮುಟ್ಟದೆ ಮನೆಗೆ ವಾಪಸ್ ಒಯ್ದರು. ಅದಕ್ಕೆ ಕಾರಣ ಹುಡುಕಲು ಅವರು ಯಾವ ಪುಸ್ತಕವನ್ನೂ ತೆರೆಯಬೇಕಾಗಿರಲಿಲ್ಲ.

ನಾಲ್ಕನೆಯ ದಿನ ಶೆಡ್ಡಿನಲ್ಲಿ ನಿಂತು ಕೇಳಿದರು. “ಒಪ್ಪಿಗೆ ವಾಪಸ್ ತಗೊಳ್ಳೋಕೆ ಸೋಮವಾರದವರೆಗೂ ಟೈಮಿದೆ. ಹೋಗ್ಲಾ, ಬೇಡ್ವಾ?”

“ನನ್ನ ಕೇಳ್ತಿದೀರಾ?”

“ನಿಮ್ಮನ್ನೇ. ಮೊದಲೇ ಕೇಳ್ಬೇಕಿತ್ತು. ನಿಮ್ಮನ್ನ ಬಿಟ್ಟು ಇರೋಕೆ ನನ್ನ ಕೈಲಿ ಆಗಲ್ಲ.”

ಅವಳು ಚಿಂದಿಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡಳು. “ಹೋಗಿ,” ಎಂದಳು.

ಮೇಷ್ಟ್ರು ತಲೆ ತಗ್ಗಿಸಿದರು.

“ಒಳ್ಳೆ ಕೆಲಸ, ಯಾಕೆ ಬಿಡ್ತೀರಾ? ಅಪ್ಪನ್ನ ಒಪ್ಪಿಸೋಕೆ ನಂಗೊಂದು ತಿಂಗಳು ಬೇಕು. ಅಲ್ಲಿ ಮನೆ ಹುಡುಕುವಾಗ ಮೆಟ್ಟಿಲಿಲ್ಲದ್ದು ನೋಡಿ. ಅವ್ರಿಗೆ ಮಂಡಿ ನೋವು.”

ಮಾತು ತಲೆಗೆ ಹತ್ತಲು ತುಸು ಹೊತ್ತು ಹಿಡಿಯಿತು. ಹತ್ತಿದ ಮೇಲೆ ಮೇಷ್ಟ್ರು ಜೇಬಿನಿಂದ ಪೆನ್ನು, ಚೀಟಿ ತೆಗೆದು, “ರೂಮು ಎರಡು ಸಾಕಾ?” ಎಂದು ಕೇಳಿದರು.

“ಮೂರು. ಮುಂದಕ್ಕೆ ಬೇಕಾಗತ್ತೆ,” ಎಂದಳು ಅವಳು. ಹಾಗೆನ್ನುವಾಗ ಅವರ ಮುಖ ನೋಡಲಿಲ್ಲ.